ಹುಣಿಸೆಮರ ದಾಟಿದ ಸೆಕ್ರೆಟ್ರಮ್ಮ

ಕಳೆದ ತಿಂಗಳು ನಮ್ಮೂರ ಹಾಲಿನ ಡೈರಿಯ ಸೆಕ್ರೆಟ್ರಮ್ಮನಿಗೆ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕು ಎಲ್ಲವೂ ಇದ್ದವು. ಮೈಕು ಇದ್ದಲ್ಲಿ ನಿವೃತ್ತ ಮೇಷ್ಟ್ರು ಮಾತಾಡಲೇಬೇಕೆಂಬುದು ಜಂಗಮಕೋಟೆ ಸುತ್ತಮುತ್ತಲ ಅಲಿಖಿತ ಕಾನೂನು. ನಾನೂ ಎದ್ದು ‘ನಿಸ್ವಾರ್ಥ ಸೇವೆ’, ‘ಅವಿರತ ದುಡಿಮೆ’ ಮುಂತಾದ ಪದಗಳನ್ನು ಅವುಗಳ ಮಾಮೂಲಿ ಜಾಗಗಳಲ್ಲಿ ಕೂರಿಸಿ, ಚಪ್ಪಾಳೆ ಬಿದ್ದ ಕೂಡಲೇ ಕುಳಿತೆ. ಪಕ್ಕದಲ್ಲಿ ಶಾಲು ಹೊದ್ದು ಕುಳಿತಿದ್ದ ಸೆಕ್ರೆಟ್ರಮ್ಮ ನನ್ನ ಕಡೆ ಬಾಗಿ, “ಮೇಷ್ಟ್ರೇ, ಭಾಷಣಕ್ಕೆ ನೀರು ಜಾಸ್ತಿ ಆಯ್ತು” ಎಂದರು.

ಮೂವತ್ತು ವರ್ಷ ಊರಿನ ಹಾಲು ಪರೀಕ್ಷಿಸಿದವರ ತೀರ್ಪಿಗೆ ಮೇಲ್ಮನವಿ ಇಲ್ಲ. ಆದ್ದರಿಂದ ಅಂದು ಬಿಟ್ಟುಹೋದ ಗಟ್ಟಿ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಕೂಡದು ಎಂಬುದು ಅವರ ಷರತ್ತು. ಹಾಕಿದರೂ ಪ್ರಯೋಜನವಿರಲಿಲ್ಲ, ಅವರ ಹೆಸರು ಊರಿನಲ್ಲಿ ರೇಷನ್ ಕಾರ್ಡಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ಹಾಲು ಪರೀಕ್ಷೆ ಮಾಡುವಾಗ ಸೆಕ್ರೆಟ್ರಮ್ಮ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಟ್ಟು, ಅದನ್ನು ನೋಡುತ್ತಿರಲಿಲ್ಲ. ಹಾಲು ತಂದವನ ಮುಖ ನೋಡುತ್ತಿದ್ದರು. ಆಮೇಲೆ ಲ್ಯಾಕ್ಟೋಮೀಟರ್ ನೋಡಿ, ಮುಖದಲ್ಲಿ ಕಂಡದ್ದನ್ನು ಖಚಿತಪಡಿಸಿಕೊಳ್ಳುತ್ತಿದ್ದರು. ನನ್ನದೂ ಒಂದು ಹಸುವಿತ್ತು. ಅದರ ಹಾಲು ಸ್ವಭಾವತಃ ತೆಳು. “ಮೇಷ್ಟ್ರ ಹಸು ವ್ಯಾಕರಣ ಓದೈತೆ, ಅದಕ್ಕೇ ಜಿಡ್ಡಿಲ್ಲ” ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿ, ಇದ್ದ ಡಿಗ್ರಿಯನ್ನೇ ಬರೆಯುತ್ತಿದ್ದರು. ನಾನು ಆ ಡೈರಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದೆ. ಅದರಿಂದ ನನ್ನ ಹಾಲಿಗೆ ಒಂದು ಚುಕ್ಕಿಯಷ್ಟು ಜಿಡ್ಡೂ ಹೆಚ್ಚಲಿಲ್ಲ.

ಅವರಿಗೆ ಐವತ್ತೆರಡು ತುಂಬಿದ ವರ್ಷ ಒಂದು ವಿಚಿತ್ರ ಶುರುವಾಯಿತು. ಏಪ್ರಿಲ್ ತಿಂಗಳಲ್ಲಿ, ನಾಯಿಗಳು ಚರಂಡಿಯಲ್ಲಿ ಮಲಗುವ ಬಿಸಿಲಿನಲ್ಲಿ, ಸೆಕ್ರೆಟ್ರಮ್ಮ ಸ್ವೆಟರ್ ಹಾಕಿಕೊಂಡು ಕೂರತೊಡಗಿದರು. ಮುಖ ಊದಿತು. ಗಂಟಲು ಗಡುಸಾಯಿತು. ತಿನ್ನುವುದು ಒಂದು ಮುದ್ದೆಯಿಂದ ಅರ್ಧಕ್ಕೆ ಇಳಿದರೂ ಮೈ ಮಾತ್ರ ಏರುತ್ತಾ ಹೋಯಿತು. ಲೆಕ್ಕ ಬರೆಯುತ್ತಾ ಪೆನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದರು. ಚಿಕ್ಕಬಳ್ಳಾಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದರು. ಕತ್ತಿನಲ್ಲಿರುವ ಗ್ರಂಥಿ ಹಾರ್ಮೋನನ್ನು ಸರಿಯಾಗಿ ಒದಗಿಸುತ್ತಿಲ್ಲ, ದಿನಾ ಒಂದು ಮಾತ್ರೆ ತೆಗೆದುಕೊಳ್ಳಬೇಕು, ಮೈಗೆ ವ್ಯಾಯಾಮ ಬೇಕು ಎಂದು ಬರೆದುಕೊಟ್ಟರು.

ನಮ್ಮ ಸೀಮೆಯಲ್ಲಿ ಹಾರ್ಮೋನು ಅಪರಿಚಿತ ಪದಾರ್ಥವೇನಲ್ಲ. ರೇಷ್ಮೆಹುಳು ಹಣ್ಣಾಗುವ ಹೊತ್ತಿಗೆ ಕಡೆಯ ಮೇವಿನ ಸೊಪ್ಪಿನ ಮೇಲೆ ಚಿಮುಕಿಸುತ್ತಾರೆ; ಹುಳುಗಳೆಲ್ಲ ಒಟ್ಟಿಗೆ ಎದ್ದು, ಚಂದ್ರಿಕೆ ಎಂಬ ಬಿದಿರು ತಟ್ಟಿಯ ಮೇಲೆ ಗೂಡು ಕಟ್ಟುತ್ತವೆ. ಆದ್ದರಿಂದ ಸುದ್ದಿ ತಿಳಿದ ದಿನವೇ ಡೈರಿ ಸಾಲಿನಲ್ಲಿ ವೈದ್ಯಕೀಯ ಸಮಾಲೋಚನೆ ನಡೆಯಿತು.

“ಅಂಗಾದ್ರೆ ಒಂದ್ ದಿನದಲ್ಲಿ ಏಳ್ತೀಯ ಬಿಡಮ್ಮ. ನಮ್ ಹುಳ ಎದ್ದಿಲ್ವಾ?”

“ಎದ್ದು ಗೂಡ್ ಕಟ್ತೀನಿ. ನಿಮ್ ಮನೇಲಿ ಚಂದ್ರಿಕೆ ಖಾಲಿ ಇದ್ರೆ ಹೇಳಪ್ಪ, ಬಂದು ಮಲೀಕತೀನಿ.”

ನಗು ಹೀಗೆ ನಡೆದಿರುವಾಗಲೇ ಹಾಲು ಒಡೆಯಿತು. ಆ ಮಳೆಗಾಲದಲ್ಲಿ ಎರಡು ಸಲ ಸೆಕ್ರೆಟ್ರಮ್ಮನಿಗೆ ಬೆಳಿಗ್ಗೆ ಎಚ್ಚರವೇ ಆಗಲಿಲ್ಲ. ಬೀಗ ಹಾಕಿದ ಡೈರಿಯ ಮುಂದೆ ಊರೆಲ್ಲ ಕ್ಯಾನು ಹಿಡಿದು ನಿಂತಿತ್ತು. ಅವರು ಓಡೋಡಿ ಬಂದು, ಓಡಲಾಗದೆ ಏದುಸಿರು ಬಿಡುತ್ತಾ ಬಾಗಿಲು ತೆಗೆಯುವ ಹೊತ್ತಿಗೆ ಹಾಲಿನ ಲಾರಿ ಬಂದು ಹತ್ತು ನಿಮಿಷ ಕಾದು ಹೋಗಿತ್ತು. ಎರಡು ದಿನವೂ ಊರಿನ ಬೆಳಗಿನ ಹಾಲೆಲ್ಲ ಊರಿನಲ್ಲೇ ಉಳಿದು ಹುಳಿಯಾಯಿತು.

ಡೈರಿಯ ಉಪಾಧ್ಯಕ್ಷರು ಸಭೆ ಕರೆದರು. ಆತ ಕೆಟ್ಟ ಮನುಷ್ಯನಲ್ಲ. ಆರು ಸೀಮೆಹಸು, ನಾಲ್ಕು ಎಕರೆ ಹಿಪ್ಪುನೇರಳೆ, ಒಂದು ಬುಲೆಟ್ ಗಾಡಿ, ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ. ಇಷ್ಟೇ ಅವರ ಆಸ್ತಿ. “ಆಯಮ್ಮನ ಮೇಲೆ ನಂಗೇನ್ ದ್ವೇಷನಾ? ಹಾಲಿಗೆ ಕಾಯೋಕಾಗಲ್ಲ, ಅಷ್ಟೇ. ಮೇಷ್ಟ್ರು ಚೆಂದಾಗಿ ಬರೀಲಿ” ಎಂದರು. ಮೇಷ್ಟ್ರು ಚೆಂದಾಗಿಯೇ ಬರೆದರು. ‘ಅನಾರೋಗ್ಯದ ನಿಮಿತ್ತ ಸ್ವಇಚ್ಛೆಯಿಂದ ಬಿಡುಗಡೆ ಬಯಸಿರುವುದರಿಂದ’ ಎಂದು ಠರಾವು ಸಿದ್ಧವಾಯಿತು. ಸೆಕ್ರೆಟ್ರಮ್ಮ ಅದನ್ನು ಎರಡು ಸಲ ಓದಿ, ತಲೆಯೆತ್ತಿ ನನ್ನ ಮುಖ ನೋಡಿದರು. ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟಾಗ ನೋಡುವ ಹಾಗೆ.

“ಸ್ವಇಚ್ಛೆ ಯಾರ್ದು ಮೇಷ್ಟ್ರೇ?”

ನಾನು ಚಾವಣಿಯ ಫ್ಯಾನು ನೋಡಿದೆ. ಅದು ಕೆಟ್ಟು ನಿಂತಿತ್ತು.

“ಕೋಪ ಮಾಡ್ಕೋಬೇಡ ಕಣಮ್ಮ,” ಎಂದರು ಉಪಾಧ್ಯಕ್ಷರು. “ಮನೆಯಿಂದ ಡೈರಿಗ್ ನಡೆಯೋಕೇ ಆಗ್ತಿಲ್ಲ ನಿಂಗೆ.”

“ನಡೆಯೋದೇನು, ಓಡ್ತೀನಿ.”

“ಎಲ್ಲೀಗಂಟ?”

“ಕ್ರಾಸ್‌ಗಂಟ. ನಿಲ್ದೆ ಓಡ್ತೀನಿ. ಸರ್ವ ಸದಸ್ಯರ ಸಭೆಗೆ ಮುಂಚೆ. ಆಗ್ಲಿಲ್ವಾ, ಬೀಗದಕೈ ನಾನೇ ತಂದು ಈ ಟೇಬಲ್ ಮೇಲೆ ಇಡ್ತೀನಿ, ಮೇಷ್ಟ್ರ ಕಾಗದಕ್ಕೆ ಸೈನೂ ಹಾಕ್ತೀನಿ.”

ಡೈರಿಯಿಂದ ಮುಖ್ಯರಸ್ತೆಯ ಕ್ರಾಸಿಗೆ ಮೂರು ಕಿಲೋಮೀಟರ್. ಸಭೆಗೆ ಆರು ತಿಂಗಳಿತ್ತು. ಉಪಾಧ್ಯಕ್ಷರು ನಕ್ಕು ಒಪ್ಪಿದರು. ಸೆಕೆಂಡ್ ಮುಳ್ಳಿರುವ ಕೈಗಡಿಯಾರ ಊರಿಗೆ ನನ್ನೊಬ್ಬನದೇ ಆದ್ದರಿಂದ ಓಟದ ಮೇಲ್ವಿಚಾರಕ ಹಾಗೂ ಏಕಸದಸ್ಯ ನ್ಯಾಯಪೀಠವಾಗಿ ನನ್ನನ್ನು ನೇಮಿಸಲಾಯಿತು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಸೆಕ್ರೆಟ್ರಮ್ಮನನ್ನು ಎಬ್ಬಿಸುವ ಹೊಣೆಯನ್ನು ಅವರ ಯಜಮಾನರು ಹೊತ್ತರು. ಆತ ಟ್ರ್ಯಾಕ್ಟರ್ ಓಡಿಸುವವರು, ಮಾತು ಕಡಿಮೆ. ಹೆಂಡತಿ ಓಡುವ ವಿಚಾರದಲ್ಲಿ ಅವರ ಅಭಿಪ್ರಾಯ ಕೇಳಿದೆ. “ಓಡ್ಲಿ ಬಿಡಿ. ಎಲ್ಲೋಗ್ತಾಳೆ, ತಿರುಗಿ ಬರ್ಲೇಬೇಕಲ್ಲ” ಎಂದರು.

ಬೂಟು ಕೊಳ್ಳಲು ಶಿಡ್ಲಘಟ್ಟಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಸಾಹೇಬರು ಹಳೆಯ ಪರಿಚಯ.

“ಮಗಳಿಗಾ ಅಮ್ಮಾ? ಸೈಜ್ ಎಷ್ಟು?”

“ನಂಗೇ.”

“ವಾಕಿಂಗಿಗಾ?”

“ಓಡೋಕೆ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ನ್ಯಾಯಪೀಠಕ್ಕೆ ತಕ್ಕ ಗಾಂಭೀರ್ಯದಿಂದ ತಲೆಯಾಡಿಸಿದೆ. “ಮಾಷಾ ಅಲ್ಲಾಹ್,” ಎಂದವರೇ ಮೇಲಿನ ಅಟ್ಟದಿಂದ ಒಂದು ಜೊತೆ ಇಳಿಸಿ, ತಾವೇ ಮಂಡಿಯೂರಿ ಲೇಸು ಕಟ್ಟಿಕೊಟ್ಟರು. “ಗಂಟು ಬಿಗಿಯಾಗಿರ್ಲಿ ಅಮ್ಮಾ. ಓಡೋವಾಗ ಬಗ್ಗಿದ್ರೆ ಮತ್ತೆ ಏಳೋಕೆ ಮನಸ್ಸು ಬರಲ್ಲ.” ಅಂಗಡಿಯಲ್ಲಿ ಕುಳಿತೇ ಜೀವ ಸವೆಸಿದ ಮನುಷ್ಯನಿಗೆ ಈ ಜ್ಞಾನ ಹೇಗೆ ಬಂತೋ ತಿಳಿಯದು.

ದಿನಾ ಬೆಳಿಗ್ಗೆ ಹಾಲಿನ ಲಾರಿ ಹೋದ ಮೇಲೆ ಅಭ್ಯಾಸ. ಚೂಡಿದಾರದ ಮೇಲೆ ಸ್ವೆಟರು, ಸೊಂಟಕ್ಕೆ ಡೈರಿಯ ಬೀಗದಕೈ, ಕಾಲಿಗೆ ಸಾಹೇಬರ ಬೂಟು. ಹಿಂದೆ ನನ್ನ ಮೊಪೆಡ್, ಅದರ ಬುಟ್ಟಿಯಲ್ಲಿ ನೀರಿನ ಬಾಟಲಿ. ಮೊದಲ ದಿನ ಟ್ರಾನ್ಸ್‌ಫಾರ್ಮರ್ ತನಕ ಓಡಿದರು. ಅದು ಡೈರಿಯಿಂದ ಕಾಣಿಸುತ್ತದೆ. ತಿಂಗಳಾಗುವ ಹೊತ್ತಿಗೆ ಒಂದು ಕಿಲೋಮೀಟರ್ ದೂರದ ಹುಣಿಸೆಮರ ಮುಟ್ಟಿದರು. ನಾನು ಪುಸ್ತಕದಲ್ಲಿ ಗುರುತು ಮಾಡಿಕೊಂಡು, ಈ ವೇಗದಲ್ಲಿ ಹೋದರೆ ದಸರಾಕ್ಕೆ ಕ್ರಾಸು, ಸಂಕ್ರಾಂತಿಗೆ ಶಿಡ್ಲಘಟ್ಟ ಎಂದು ಅಂದಾಜು ಹಾಕಿದೆ.

ಆದರೆ ಹುಣಿಸೆಮರ ಹುಣಿಸೆಮರವಾಗಿಯೇ ಉಳಿಯಿತು. ಎರಡನೆಯ ತಿಂಗಳೂ ಅದೇ ಮರ, ಮೂರನೆಯ ತಿಂಗಳೂ ಅದೇ ಮರ. ಅಲ್ಲಿಗೆ ಬಂದ ಕೂಡಲೇ ಮೀನಖಂಡ ಕೊರಡಾಗುತ್ತಿತ್ತು, ಎದೆ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು, ಬೆವರಿದ ಮೈಯಲ್ಲೂ ಕೈ ತಣ್ಣಗಿರುತ್ತಿತ್ತು. ಮರದ ಕೆಳಗೆ ಮೇಕೆ ಕಾಯುತ್ತಿದ್ದ ಒಬ್ಬ ಮುದುಕಿ, ಮನೆಮಾತು ತೆಲುಗು, ದಿನಾ ಕಳವಳದಿಂದ ಇದನ್ನು ನೋಡುತ್ತಿದ್ದವಳು ಒಂದು ದಿನ ತಡೆಯಲಾರದೆ ಕೇಳಿದಳು: “ಎವುರಮ್ಮಾ ನಿನ್ನು ತರುಮೇದಿ?” ಯಾರಮ್ಮ ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರುವುದು ಎಂದು. ಕೇಳಿದ್ದು ಸೆಕ್ರೆಟ್ರಮ್ಮನನ್ನು, ನೋಡಿದ್ದು ಮೊಪೆಡ್ ಮೇಲಿದ್ದ ನನ್ನನ್ನು.

“ಥೈರಾಯ್ಡು, ಅವ್ವಾ” ಎಂದರು ಸೆಕ್ರೆಟ್ರಮ್ಮ, ಉಸಿರಿನ ನಡುವೆ.

ಮುದುಕಿ ನನ್ನನ್ನು ಅಂದಿನಿಂದ ಆ ಹೆಸರಿನಿಂದಲೇ ಗುರುತಿಸುತ್ತಿದ್ದಳೆಂದು ನನ್ನ ಅನುಮಾನ.

ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೂ ರಕ್ತ ಪರೀಕ್ಷೆಯ ಅಂಕಿ ಇಳಿಯಲಿಲ್ಲ. ಡಾಕ್ಟರು ಮಾತ್ರೆಯ ಬಲ ಹೆಚ್ಚಿಸಿದರು. ಅಂಕಿ ಅಲುಗಲಿಲ್ಲ, ಹುಣಿಸೆಮರವೂ ಅಲುಗಲಿಲ್ಲ. ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಸೆಕ್ರೆಟ್ರಮ್ಮ ಮರದ ಬೇರಿನ ಮೇಲೆ ಕುಳಿತುಬಿಟ್ಟರು. ಬೂಟಿನ ಲೇಸು ಬಿಚ್ಚಿದರು. ನನಗೆ ಸಾಹೇಬರ ಮಾತು ನೆನಪಾಗಿ ಭಯವಾಯಿತು.

“ಊರವರ್ನೆಲ್ಲಾ ಹಾಲಿಗೆ ನೀರು ಬೆರೆಸಿದೀರ ಅಂತ ಬೈದೆ ಮೇಷ್ಟ್ರೇ. ಈಗ ನನ್ ಮೈಯೇ ನಂಗೆ ನೀರು ಬೆರೆಸಿ ಕೊಡ್ತಾ ಐತೆ. ಯಾರನ್ನ ಬೈಯಲಿ?”

ಮೇಕೆ ಬಂದು ಅವರ ಸ್ವೆಟರ್ ಮೂಸಿತು. ಅದರ ಮೂತಿ ಪಕ್ಕಕ್ಕೆ ಸರಿಸಿ, “ಆ ಕಾಗದದಲ್ಲಿ ‘ಸ್ವಇಚ್ಛೆ’ ಅನ್ನೋದೊಂದು ತೆಗೀರಿ. ಮಿಕ್ಕಿದ್ದು ಇರ್ಲಿ” ಎಂದರು. ಅಂದು ನಡೆದುಕೊಂಡು ವಾಪಸು ಬಂದೆವು. ನಾನೂ ಮೊಪೆಡ್ ತಳ್ಳಿಕೊಂಡು ನಡೆದೆ. ಪೆಟ್ರೋಲ್ ಇತ್ತು, ಹತ್ತಲು ಮನಸ್ಸಾಗಲಿಲ್ಲ.

ಆ ವಾರ ನನ್ನ ರಕ್ತದೊತ್ತಡ ತೋರಿಸಲು ಚಿಕ್ಕಬಳ್ಳಾಪುರಕ್ಕೆ ಹೊರಟಾಗ ಅವರನ್ನೂ ಬಲವಂತವಾಗಿ ಕರೆದೊಯ್ದೆ. ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಹುಬ್ಬು ಗಂಟಿಕ್ಕಿ, ಮೂಲದಿಂದ ವಿಚಾರಣೆ ಆರಂಭಿಸಿದರು.

“ಮಾತ್ರೆ ಎಷ್ಟು ಹೊತ್ತಿಗೆ ತಗೋತೀರಾ?”

“ಬೆಳಿಗ್ಗೆ ನಾಕೂವರೆಗೆ, ಹಸು ಕರೆದ ತಕ್ಷಣ.”

“ಖಾಲಿ ಹೊಟ್ಟೇಲಿ?”

“ಖಾಲಿ ಹೊಟ್ಟೇಲೇ ಡಾಕ್ಟ್ರೇ. ಏನೇನೂ ತಿಂದಿರಲ್ಲ.”

“ನೀರಲ್ಲಿ ತಾನೇ?”

ಸೆಕ್ರೆಟ್ರಮ್ಮನಿಗೆ ಅವಮಾನವಾಯಿತು. “ನೀರ್ಯಾಕೆ? ಮನೇಲಿ ಎರಡು ಹಸು ಅವೆ. ಹಾಲಲ್ಲಿ ತಗೋತೀನಿ. ಗಟ್ಟಿ ಹಾಲು. ಒಂದು ಚೊಂಬು.”

ಇಲ್ಲಿ ಓದುಗರಿಗೆ ಒಂದು ಮಾತು ತಿಳಿಸಬೇಕು. ನಮ್ಮ ಕಡೆ ಹಸು ಕಟ್ಟಿದ ಮನೆಯಲ್ಲಿ ಔಷಧವನ್ನು ನೀರಿನಲ್ಲಿ ನುಂಗುವುದಿಲ್ಲ. ಮಾತ್ರೆಯಾಗಲಿ, ಚೂರ್ಣವಾಗಲಿ, ಹಾಲಿನಲ್ಲೇ ಇಳಿಯಬೇಕು. ನೀರಿನಲ್ಲಿ ನುಂಗಿದರೆ ಆ ಮನೆಯಲ್ಲಿ ಕರಾವು ನಿಂತಿದೆ ಎಂದು ಅರ್ಥ. ಹಾಲು ಆಹಾರವೆಂದು ಯಾರೂ ಎಣಿಸುವುದೂ ಇಲ್ಲ; ಉಪವಾಸದ ದಿನವೂ ಕುಡಿಯುತ್ತೇವೆ. ಹಾಗಾಗಿ ‘ಖಾಲಿ ಹೊಟ್ಟೆ’ ಎಂಬ ವೈದ್ಯಾಜ್ಞೆಯನ್ನು ಸೆಕ್ರೆಟ್ರಮ್ಮ ಅಕ್ಷರಶಃ ಪಾಲಿಸಿದ್ದರು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹಾಲಿನ ಸುಣ್ಣದ ಅಂಶ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ, ಬರೀ ನೀರಿನಲ್ಲಿ ನುಂಗಿ ಹಾಲು ಕಾಫಿಗಳನ್ನು ದೂರವಿಡಬೇಕು, ಹೊತ್ತು ಹೋದ ಮೇಲೆ ಕುಡಿಯಬಹುದು ಎಂದು ಬಿಡಿಸಿ ಹೇಳಿದರು.

“ಇಷ್ಟು ತಿಂಗಳು ನುಂಗಿದ್ದು?”

“ಅಷ್ಟಕ್ಕಷ್ಟೇ ಅಮ್ಮಾ.”

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿದೆವು. ಜಂಗಮಕೋಟೆ ಬಸ್ಸಿನಲ್ಲಿ ಕುಳಿತ ಮೇಲೆ ಸೆಕ್ರೆಟ್ರಮ್ಮ ಆಚೀಚೆ ನೋಡಿ, ದನಿ ತಗ್ಗಿಸಿ, “ಇದನ್ನ ಊರಲ್ಲಿ ಉಸಿರು ಬಿಡ್ಬೇಡಿ. ಡೈರಿ ಸೆಕ್ರೆಟ್ರಿಗೆ ಹಾಲೇ ಆಗ್ಲಿಲ್ವಂತೆ ಅಂದ್ರೆ ನಾಳೆ ಬೆಳಿಗ್ಗೆ ಮುಖ ಎಲ್ಲಿಡ್ಲಿ?” ಎಂದರು. ಆಮೇಲೆ ನಗು ಬಂತು ಅವರಿಗೆ. ಸೆರಗು ಬಾಯಿಗಡ್ಡ ಹಿಡಿದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು, ಕಂಡಕ್ಟರು ಟಿಕೆಟ್ ಕೇಳಲು ಹಿಂಜರಿಯುವಷ್ಟು. ಈಗ ನಿವೃತ್ತಿಯಾಗಿದೆ, ಬರೆದುಕೊಳ್ಳಿ ಎಂದು ಅಪ್ಪಣೆ ಕೊಟ್ಟಿದ್ದಾರೆ.

ಸಭೆಗೆ ಎರಡು ತಿಂಗಳು ಉಳಿದಿತ್ತು. ಮಾತ್ರೆ ನೀರಿನಲ್ಲಿ ಇಳಿಯತೊಡಗಿತು. ಪವಾಡವೇನೂ ಆಗಲಿಲ್ಲ. ಮೂರನೆಯ ವಾರ ಸ್ವೆಟರ್ ಹೋಯಿತು. ನಾಲ್ಕನೆಯ ವಾರ ನನ್ನ ಹಸುವಿನ ಬಗ್ಗೆ ಹಳೆಯ ಟೀಕೆಗಳು ಮರಳಿ ಬಂದವು. ಇದನ್ನು ನಾನು ಆರೋಗ್ಯದ ಖಚಿತ ಲಕ್ಷಣವೆಂದು ಪರಿಗಣಿಸಿದೆ. ಐದನೆಯ ವಾರ ಒಂದು ದಿನ ಹುಣಿಸೆಮರ ಬಂತು, ಹೋಯಿತು. ಸೆಕ್ರೆಟ್ರಮ್ಮ ಅದನ್ನು ನೋಡಲೂ ಇಲ್ಲ. ಮುದುಕಿ ಮಾತ್ರ ಎದ್ದು ನಿಂತು ಹಣೆಗೆ ಕೈಯಿಟ್ಟು, ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಮರದಾಚೆಗೆ ಇನ್ನೊಂದು ಕಿಲೋಮೀಟರಿಗೆ ಮಾವಿನ ತೋಪು. ಅಲ್ಲಿಗೂ ಮುಟ್ಟಿದರು. ಒಂದೊಂದು ದಿನ ಮೈ ಮತ್ತೆ ಮುಷ್ಕರ ಹೂಡಿ ಟ್ರಾನ್ಸ್‌ಫಾರ್ಮರಿನಲ್ಲೇ ನಿಲ್ಲಿಸುತ್ತಿತ್ತು. ಅಂಥ ದಿನ ಬೈಯದೆ ತಿರುಗಿ ಬರುವುದನ್ನೂ ಕಲಿತರು.

ಸಭೆ ಭಾನುವಾರ. ಶುಕ್ರವಾರ ಓಟವೆಂದು ಗೊತ್ತುಪಡಿಸಲಾಯಿತು. ಜನಕ್ಕೆ ಹೊಲದ ಕೆಲಸಕ್ಕೆ ಹೋಗುವ ಮುಂಚೆ ನೋಡುವ ಆಸೆ. ಹಾಗಾಗಿ ಹಾಲು ತುಂಬಿಸಿಕೊಂಡಾದ ಮೇಲೆ, ಲಾರಿ ಬರುವುದಕ್ಕೆ ಮುಂಚಿನ ಒಂದು ಗಂಟೆಯ ಬಿಡುವಿನಲ್ಲಿ ಓಡುವುದೆಂದಾಯಿತು. ಇದು ನ್ಯಾಯಪೀಠದ ನಿರ್ಧಾರ, ತಪ್ಪು ನನ್ನದೇ. ಸೆಕ್ರೆಟ್ರಮ್ಮ ಕ್ಯಾನುಗಳನ್ನು ಒಳಗಿಟ್ಟು, ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿ ಹೊರಟರು. ಹಿಂದೆ ನನ್ನ ಮೊಪೆಡ್, ಅದರ ಹಿಂದೆ ಉಪಾಧ್ಯಕ್ಷರ ಬುಲೆಟ್. ಅಷ್ಟು ನಿಧಾನಕ್ಕೆ ಹೋಗಿ ಅಭ್ಯಾಸವಿಲ್ಲದ ಬುಲೆಟ್ ನಾಲ್ಕು ಸಲ ಆಫ್ ಆಯಿತು.

ಟ್ರಾನ್ಸ್‌ಫಾರ್ಮರ್ ದಾಟಿತು. ಹುಣಿಸೆಮರ ದಾಟಿತು. ಮಾವಿನ ತೋಪು ಇನ್ನೇನು ಬಂತು ಎನ್ನುವಾಗ ಎದುರಿನಿಂದ ಹಾಲಿನ ಲಾರಿ ಬರುವುದು ಕಾಣಿಸಿತು. ಮುಂದಿನ ಊರಿನ ರಸ್ತೆ ಅಗೆದಿದ್ದರಿಂದ ಅದು ಅಂದು ದಾರಿ ಬದಲಿಸಿ ನಮ್ಮ ಕಡೆಗೇ ಮೊದಲು ಬಂದಿತ್ತು. ತೋಪಿನ ಹತ್ತಿರ ಪಕ್ಕದ ಹಳ್ಳಿಗೆ ತಿರುಗಿತು. ಅಲ್ಲಿ ಕ್ಯಾನು ಹೇರಿಕೊಂಡು ನಮ್ಮೂರಿಗೆ ಬರಲು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಬಂದರೆ ಡೈರಿಗೆ ಬೀಗ.

ಉಪಾಧ್ಯಕ್ಷರು ಬುಲೆಟ್ ಪಕ್ಕಕ್ಕೆ ತಂದರು. ಆ ದನಿಯಲ್ಲಿ ಕುಹಕವಿರಲಿಲ್ಲ, ಅದನ್ನು ನ್ಯಾಯಪೀಠ ದಾಖಲಿಸುತ್ತದೆ. “ಬೀಗದಕೈ ಇಲ್ ಕೊಡಮ್ಮ! ನಾನ್ ಹೋಗಿ ತೆಗೀತೀನಿ. ನೀನು ಓಡು, ಇನ್ನೊಂದೇ ಕಿಲೋಮೀಟ್ರು!”

“ಬೀಗದಕೈ ಕೇಳೋದು ಸಭೇಲಿ ಅಣ್ಣಾ, ರೋಡಲ್ಲಲ್ಲ.”

ಅಷ್ಟು ಹೇಳಿ, ನಿಲ್ಲದೆ, ರಸ್ತೆಯಲ್ಲೇ ಅರ್ಧ ಸುತ್ತು ಹಾಕಿ ಊರಿನ ಕಡೆ ತಿರುಗಿದರು. ಬಂದ ಎರಡು ಕಿಲೋಮೀಟರನ್ನೂ ಮತ್ತೆ ಓಡಿದರು. ಮುಖ ಕೆಂಡವಾಗಿತ್ತು, ಉಸಿರು ರಂಪವೆಬ್ಬಿಸಿತ್ತು, ಹೆಜ್ಜೆ ಮಾತ್ರ ನಿಲ್ಲಲಿಲ್ಲ. ನಮ್ಮ ಎರಡು ಗಾಡಿಗಳೂ ತೆಪ್ಪಗೆ ಹಿಂಬಾಲಿಸಿದವು. ಅವರು ಬಾಗಿಲು ತೆಗೆದದ್ದಕ್ಕೂ ಲಾರಿ ಹಾರನ್ ಹೊಡೆದದ್ದಕ್ಕೂ ಸರಿಹೋಯಿತು. ಕ್ಯಾನು ಎಣಿಸಿ, ಹೇರಿಸಿ, ಸೈನು ಮಾಡಿ, ಲಾರಿ ಕಳಿಸಿ, ಆಮೇಲೆ ಒಂದು ಖಾಲಿ ಕ್ಯಾನು ಬೋರಲು ಹಾಕಿ ಅದರ ಮೇಲೆ ಕುಳಿತರು.

ಜನ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, ಷರತ್ತು ಮೂರು ಕಿಲೋಮೀಟರೆಂದೂ, ಓಡಿದ್ದು ನಾಲ್ಕೆಂದೂ, ಎಲ್ಲಿಯೂ ನಿಂತದ್ದು ಕಂಡುಬಂದಿಲ್ಲವೆಂದೂ, ಆದ್ದರಿಂದ…

“ಕ್ರಾಸ್ ಮುಟ್ಟಿಲ್ಲ,” ಎಂದರು ಸೆಕ್ರೆಟ್ರಮ್ಮ.

“ದೂರ ಹೆಚ್ಚೇ ಆಗಿದೆಯಲ್ಲ ತಾಯಿ?”

“ಕ್ರಾಸ್ ಅಂತ ಹೇಳಿದ್ದು ನಾನು. ಇಷ್ಟ್ ವರ್ಷ ಯಾರ್ ಹಾಲಿಗೂ ಅರ್ಧ ಡಿಗ್ರಿ ಸೇರಿಸಿ ಬರ್ದಿಲ್ಲ. ನಂದಕ್ಕೂ ಸೇರಿಸ್ಬೇಡಿ.”

ನ್ಯಾಯಪೀಠ ತೀರ್ಪು ಕಾಯ್ದಿರಿಸಿತು. ಮಾರನೆಯ ದಿನ ಲಾರಿ ಹೋದ ಮೇಲೆ ನಾನು ಮೊಪೆಡ್ ತೆಗೆದೆ. “ನೀವು ಬೇಡಿ, ನಿಮ್ ಗಾಡಿ ಸದ್ದಲ್ಲಿ ನನ್ನ ಉಸಿರು ನಂಗೇ ಕೇಳಲ್ಲ” ಎಂದು ಒಬ್ಬರೇ ಹೋದರು. ಒಂದು ಗಂಟೆಯ ನಂತರ ಬಂದರು. ಏನಾಯಿತೆಂದು ಕೇಳಿದರೆ ಪುಸ್ತಕ ತೆಗೆದು ಲೆಕ್ಕ ಬರೆಯತೊಡಗಿದರು.

ಭಾನುವಾರ ಮಧ್ಯಾಹ್ನ ಊರ ಶಾಲೆಯಲ್ಲಿ ಸರ್ವ ಸದಸ್ಯರ ಸಭೆ ತುಂಬಿತ್ತು. ಅಧ್ಯಕ್ಷರು ಕೇಳಿದರು: ಕ್ರಾಸ್ ಮುಟ್ಟಿದ್ದನ್ನು ಮೇಷ್ಟ್ರು ನೋಡಿದರೇ? ನೋಡಲಿಲ್ಲ ಎಂದೆ.

ಸೆಕ್ರೆಟ್ರಮ್ಮ ಎದ್ದರು. “ನಿನ್ನೆ ಮುಟ್ದೆ. ನಿಲ್ಲಲಿಲ್ಲ. ಸಾಕ್ಷಿ ಇಲ್ಲ. ನಂಬೋರು ನಂಬಿ, ನಂಬದಿದ್ರೆ ಇಗೋ” ಎಂದು ಬೀಗದಕೈಯನ್ನು ಸೊಂಟದಿಂದ ಬಿಚ್ಚಿದರು.

ಆಗ ಹಿಂದಿನ ಸಾಲಿನಲ್ಲಿ ಉಪಾಧ್ಯಕ್ಷರು ಕೆಮ್ಮಿದರು. “ನಾನ್ ನೋಡ್ದೆ.”

ಸಭೆಯೆಲ್ಲ ತಿರುಗಿತು.

“ಕ್ರಾಸಲ್ಲಿ ಟೀ ಕುಡಿಯೋಣ ಅಂತ ಹೋಗಿದ್ದೆ.” ಆರು ಹಸುವಿನ ಮಾಲೀಕ ಟೀ ಕುಡಿಯಲು ಮೂರು ಕಿಲೋಮೀಟರ್ ಯಾಕೆ ಹೋದರೆಂದು ಯಾರೂ ಕೇಳಲಿಲ್ಲ. “ಬಂದ್ಳು. ದಾರಿ ತೋರ್ಸೋ ಕೈಕಂಬ ಮುಟ್ಟಿದ್ಳು. ಬಾರಮ್ಮ ಒಂದ್ ಟೀ ಕುಡಿ ಅಂತ ಕೂಗ್ದೆ. ಉಸಿರಿನ ಸದ್ದಲ್ಲಿ ಕೇಳಿಸ್ಲಿಲ್ವೇನೋ, ತಿರುಗಿಯೂ ನೋಡ್ದೆ ವಾಪಸ್ ಹೋದ್ಳು. ಅದನ್ನೂ ಬರ್ಕೊಳ್ಳಿ ಮೇಷ್ಟ್ರೇ, ಟೀ ಕುಡೀದೆ ಹೋಗಿದ್ದನ್ನ.”

ಬರೆದುಕೊಂಡೆ. ಹಳೆಯ ಠರಾವಿನ ಮೇಲೆ ಅಡ್ಡಗೆರೆ ಎಳೆದೆ. ಸೆಕ್ರೆಟ್ರಮ್ಮ ಎರಡು ಮಾತಾಡಬೇಕೆಂದು ಅಧ್ಯಕ್ಷರು ಕೇಳಿಕೊಂಡರು. ಅವರು ಗೋಡೆಯ ಗಡಿಯಾರ ನೋಡಿ, “ಬೇಗ ಮುಗ್ಸಿ, ಸಾಯಂಕಾಲದ ಹಾಲಿಗೆ ಹೊತ್ತಾಯ್ತು” ಎಂದು ಬೀಗದಕೈ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ಇಡೀ ಸಭೆ ಬಾಗಿಲಿನ ಕಡೆ ನೋಡುತ್ತಿತ್ತು. ಸೆಕ್ರೆಟ್ರಮ್ಮ ಡೈರಿಗೆ ನಿಧಾನವಾಗಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು, ನಡೆದೇ ಹೋದರು.